ಬೊಜ್ಜು: ತೂಕದ ಯಂತ್ರಕ್ಕೆ ಕಾಣಿಸದ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಒಂದು ಆರೋಗ್ಯ ತಪಾಸಣೆ ಶಿಬಿರ ನಡೀತು. ಹೋದವರಿಗೆ ಅಟೆಂಡೆನ್ಸ್ ಸಿಗುತ್ತೆ ಅಂತ ಸುದ್ದಿ ಹಬ್ಬಿದ ಮೇಲೆ ಕೇಳಬೇಕಾ, ಅರ್ಧ ಬ್ರಾಂಚ್ ಅಲ್ಲೇ ಇತ್ತು. ಎತ್ತರ, ತೂಕ, ಬಿಪಿ, ಕೊನೆಗೆ ಒಂದು ಟೇಪ್ ಹಿಡ್ಕೊಂಡು ಸೊಂಟದ ಸುತ್ತಳತೆ. ತೂಕದ ಯಂತ್ರದ ಹತ್ತಿರ ಎಲ್ಲರೂ ಒಬ್ಬರನ್ನೊಬ್ಬರು ಕಿಚಾಯಿಸ್ತಾ ನಿಂತಿದ್ವಿ.

ನಮ್ಮ ರೂಮಿನ ಕತೆ ಸ್ವಲ್ಪ ವಿಚಿತ್ರವಾಯ್ತು. ನಮ್ಮಲ್ಲೇ ಅತ್ಯಂತ ಸಣಕಲ, ತೂಕ 64 ಕೆ.ಜಿ., ಎತ್ತರ 173 ಸೆಂ.ಮೀ. ಇರುವವನ ಸೊಂಟ 91 ಸೆಂ.ಮೀ. ಬಂತು. ಡಾಕ್ಟರ್ ಅವನ ಚೀಟಿಯಲ್ಲಿ 'ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಮಾಡಿಸಿ' ಅಂತ ಬರೆದರು. ನಾವು ನಕ್ಕಿದ್ವಿ. ಮಾಡಿಸಿದಾಗ 112 ಬಂತು. 100ರ ಒಳಗಿರಬೇಕಾದ್ದು. 126 ಆದರೆ ಸಕ್ಕರೆ ಕಾಯಿಲೆ. ಇವನು ಎರಡರ ಮಧ್ಯೆ, ಬಾಗಿಲ ಹತ್ತಿರ ನಿಂತಿದ್ದಾನೆ. ವಯಸ್ಸು 19.

ಇನ್ನೊಬ್ಬ ಆ ದಿನ ಬರಲೇ ಇಲ್ಲ. 97 ಕೆ.ಜಿ. ಇರುವ ಅವನನ್ನು ಇಡೀ ಕಾರಿಡಾರ್ 'ಟ್ಯಾಂಕರ್' ಅಂತ ಕರೀತಿತ್ತು. ನಾವೂ ಕರೀತಿದ್ವಿ. ಇಂಟರ್ನಲ್ಸ್‌ಗೆ ಓದಬೇಕು ಅಂದ. ಅವನ ವಿಷಯ ಆಮೇಲೆ ಬರುತ್ತೆ. ಇಬ್ಬರೂ ಈ ಲೇಖನವನ್ನು ಓದಿ, ಹೆಸರು ಹಾಕದಿದ್ರೆ ಪರವಾಗಿಲ್ಲ ಅಂದ ಮೇಲೇನೇ ಪತ್ರಿಕೆಗೆ ಕಳಿಸ್ತಿದ್ದೀವಿ.

ಆ 112 ನೋಡಿದ ರಾತ್ರಿ ನಮಗೆ ಬಂದ ಪ್ರಶ್ನೆ ಇಷ್ಟೇ: ದಪ್ಪ ಇಲ್ಲದವನಿಗೆ ದಪ್ಪ ಇರೋರ ಕಾಯಿಲೆ ಹೇಗೆ ಬಂತು? ಹಾಗಾದ್ರೆ ಬೊಜ್ಜು ಅಂದ್ರೆ ನಿಜಕ್ಕೂ ಏನು? ನಾವು ಡಾಕ್ಟರ್‌ಗಳಲ್ಲ, ಮುಂದಿನ ಸೆಮಿಸ್ಟರ್‌ಗೆ ಕಂಟ್ರೋಲ್ ಸಿಸ್ಟಮ್ಸ್ ಇರುವ ಬಡಪಾಯಿಗಳು. ಆದರೆ ಓದ್ತಾ ಹೋದ ಹಾಗೆ ಈ ವಿಷಯ ನಮ್ಮ ಸಿಲೆಬಸ್‌ಗೆ ಅಂದುಕೊಂಡಿದ್ದಕ್ಕಿಂತ ಹತ್ತಿರ ಇದೆ ಅನ್ನಿಸ್ತು.

ಒಬ್ಬ ಖಗೋಳ ವಿಜ್ಞಾನಿಯ ಸೂತ್ರ

ಬಿಎಂಐ ಎಲ್ಲರಿಗೂ ಗೊತ್ತು. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದನ್ನು ಕಂಡುಹಿಡಿದದ್ದು ವೈದ್ಯರು ಅಂತ ನಾವು ಅಂದುಕೊಂಡಿದ್ವಿ. ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ವಿಜ್ಞಾನಿ ಕಂಡುಕೊಂಡದ್ದು. ಅವರಿಗೆ ಬೊಜ್ಜಿನ ಚಿಂತೆ ಇರಲೇ ಇಲ್ಲ. 'ಸರಾಸರಿ ಮನುಷ್ಯ' ಹೇಗಿರ್ತಾನೆ ಅಂತ ಅಂಕಿ ಅಂಶಗಳಲ್ಲಿ ಹುಡುಕುತ್ತಿದ್ದರು. ದೊಡ್ಡವರಲ್ಲಿ ತೂಕವು ಎತ್ತರದ ವರ್ಗಕ್ಕೆ ತಕ್ಕಂತೆ ಹೆಚ್ಚಾಗುತ್ತೆ ಅನ್ನೋದನ್ನು ಗಮನಿಸಿದರು, ಅಷ್ಟೆ. ಅದಕ್ಕೆ ಬಿಎಂಐ ಎಂಬ ಹೆಸರು ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ಅಂದರೆ ಸೂತ್ರಕ್ಕೂ ಹೆಸರಿಗೂ ಮಧ್ಯೆ ಒಂದೂವರೆ ಶತಮಾನದ ಹತ್ತಿರ ಅಂತರ.

ಈ ಸೂತ್ರ ಸಾವಿರಾರು ಜನರ ಗುಂಪಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಒಬ್ಬ ವ್ಯಕ್ತಿಗೆ ಬಂದಾಗ ಎಡವುತ್ತೆ. ಯಾಕೆಂದರೆ ಯಂತ್ರದ ಮೇಲೆ ನಿಂತ 64 ಕೆ.ಜಿ.ಯಲ್ಲಿ ಮೂಳೆ ಎಷ್ಟು, ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ತೊಡೆಯಲ್ಲಿದೆಯೋ ಲಿವರ್ ಸುತ್ತ ಇದೆಯೋ ಅಂತ ಸೂತ್ರಕ್ಕೆ ಗೊತ್ತಿಲ್ಲ. ಮೂಟೆಯ ತೂಕ ನೋಡಿ ಒಳಗೆ ರಾಗಿ ಇದೆಯೋ ಮರಳಿದೆಯೋ ಅಂತ ಹೇಳೋಕಾಗುತ್ತಾ? ನಮ್ಮ ಸಣಕಲನ ಬಿಎಂಐ ಲೆಕ್ಕ ಹಾಕಿದರೆ 21.4. ಯಾವ ಪಟ್ಟಿಯಲ್ಲಿ ನೋಡಿದರೂ ಫಸ್ಟ್ ಕ್ಲಾಸ್.

ಇದಕ್ಕೆ ನಮಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಪುಣೆಯದ್ದು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ, ಇಬ್ಬರೂ ತೆಳ್ಳಗಿದ್ದಾರೆ, ಇಬ್ಬರ ಬಿಎಂಐ ಸರಿಯಾಗಿ 22.3. ಆದರೆ ಸ್ಕ್ಯಾನ್ ಮಾಡಿ ನೋಡಿದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಎರಡು ಪಟ್ಟಿಗಿಂತ ಜಾಸ್ತಿ! ಎಷ್ಟೋ ಪುಟಗಳ ಲೇಖನ ಹೇಳಬಹುದಾದ್ದನ್ನು ಒಂದು ಫೋಟೋ ಹೇಳಿಬಿಡ್ತು. ಹೊರಗೆ ಸಣ್ಣ, ಒಳಗೆ ದಪ್ಪ: ಭಾರತೀಯರ ದೇಹಕ್ಕೆ ಯಾಜ್ಞಿಕ್ ಕೊಟ್ಟ ವಿವರಣೆ ಇದು.

ಅದಕ್ಕೇ ನಮಗೆ ಗೆರೆಗಳೂ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಬಿಎಂಐ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಭಾರತೀಯ ತಜ್ಞರು 2009ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯಲ್ಲಿ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ನಮ್ಮ ಗೆಳೆಯ ಒಂದು ಸೆಂಟಿಮೀಟರ್‌ನಲ್ಲಿ ಫೇಲ್. ಗ್ರೇಸ್ ಮಾರ್ಕ್ಸ್ ಇಲ್ಲ.

ಮೈಸೂರಿನ ಹಳೇ ರಿಜಿಸ್ಟರ್‌ಗಳು

ಆದರೆ ನಾವ್ಯಾಕೆ ಹೀಗೆ? ಇದಕ್ಕೆ ಉತ್ತರದ ಒಂದು ತುಂಡು ನಮ್ಮ ಮೈಸೂರಿನಲ್ಲೇ ಇದೆ ಅಂತ ಗೊತ್ತಾದಾಗ ನಿಜವಾಗಲೂ ಖುಷಿ ಆಯ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರ್‌ನಲ್ಲಿ ಬರೆದಿಡುತ್ತಾ ಬಂತು. ಯಾರೋ ದಾದಿಯರು ದಿನಾ ಶ್ರದ್ಧೆಯಿಂದ ಬರೆದಿಟ್ಟ ಸಾಲುಗಳು. ಅರವತ್ತು ವರ್ಷ ಆದ ಮೇಲೆ, 1990ರ ದಶಕದಲ್ಲಿ, ಬ್ರಿಟನ್ನಿನ ಮತ್ತು ಮೈಸೂರಿನ ಸಂಶೋಧಕರು ಆ ರಿಜಿಸ್ಟರ್‌ಗಳನ್ನು ಹಿಡಿದು, ಅಲ್ಲಿ ಹುಟ್ಟಿ ಇನ್ನೂ ಮೈಸೂರಿನಲ್ಲೇ ಇದ್ದವರನ್ನು ಹುಡುಕಿ, ಹೃದಯ ಮತ್ತು ಸಕ್ಕರೆ ಪರೀಕ್ಷೆ ಮಾಡಿದರು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು. ಸಕ್ಕರೆ ಕಾಯಿಲೆ ಮಾತ್ರ ಇನ್ನೊಂದು ತಿರುವು ಕೊಟ್ಟಿತು: ಹುಟ್ಟುವಾಗ ಗಿಡ್ಡವಾಗಿ, ಎತ್ತರಕ್ಕೆ ಹೋಲಿಸಿದರೆ ದುಂಡಗೆ ಇದ್ದವರಲ್ಲಿ, ತಾಯಿಯ ತೂಕವೂ ಹೆಚ್ಚಿದ್ದವರಲ್ಲಿ ಅದು ಜಾಸ್ತಿ.

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕ್ ತಂಡ ಹಸುಗೂಸುಗಳನ್ನೇ ಅಳೆಯಿತು. ಅಲ್ಲಿನ ಮಗುವಿನ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್‌ನ ಮಗುವಿನದ್ದು 3.5. ಎಂಟುನೂರು ಗ್ರಾಂ ಕಡಿಮೆ. ಕಡಿಮೆ ಆಗಿದ್ದು ಎಲ್ಲಿ ಅಂತ ನೋಡಿದರೆ ಸ್ನಾಯುವಿನಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ. ಚರ್ಮದ ಕೆಳಗಿನ ಕೊಬ್ಬು ಮಾತ್ರ ಹೆಚ್ಚು ಕಮ್ಮಿ ಹಾಗೇ ಉಳಿದಿತ್ತು. ತಾಯಿಗೆ ಸರಿಯಾದ ಪೋಷಣೆ ಸಿಗದಿದ್ದಾಗ ಭ್ರೂಣ ಮಾಡಿಕೊಳ್ಳುವ ಹೊಂದಾಣಿಕೆ ಇದು ಅನ್ನೋದು ಸಂಶೋಧಕರ ವಿವರಣೆ. ಇರುವ ಕಚ್ಚಾ ವಸ್ತುವನ್ನು ಮೊದಲು ಮೆದುಳಿಗೆ ಕೊಟ್ಟು, ಕೊಬ್ಬನ್ನು ಕಷ್ಟಕಾಲಕ್ಕೆ ಉಳಿಸಿಕೊಂಡು, ಸ್ನಾಯುವಿನಲ್ಲಿ ಖೋತಾ ಮಾಡುತ್ತೆ. ಬರಗಾಲಕ್ಕೆ ಡಿಸೈನ್ ಆದ ದೇಹ. ಆ ದೇಹ ಹುಟ್ಟಿ ಬೆಳೆದು ಬಂದಿದ್ದು ಮಾತ್ರ ರಾತ್ರಿ ಹನ್ನೊಂದಕ್ಕೂ ಫೋನಿನಲ್ಲಿ ಬಿರಿಯಾನಿ ತರಿಸಿಕೊಳ್ಳುವ ಕಾಲಕ್ಕೆ.

ನಮ್ಮ ಅಜ್ಜಿಯಂದಿರು ರಜೆಗೆ ಹೋದಾಗ 'ಸೊರಗಿ ಹೋಗಿದ್ಯಲ್ಲೋ, ಇನ್ನೊಂದು ಮುದ್ದೆ ಹಾಕಿಸ್ಕೋ' ಅಂತಾರಲ್ಲ, ಅವರು ಕಂಡ ಕಾಲ ಅಂಥದ್ದು. ಮೈ ಕೈ ತುಂಬಿಕೊಂಡಿರೋದು ಅಂದ್ರೆ ಉಂಡು ಉಟ್ಟು ಚೆನ್ನಾಗಿರೋ ಮನೆ ಅಂತ ಅರ್ಥ. ಅವರನ್ನು ತಪ್ಪು ಅನ್ನೋಕಾಗಲ್ಲ.

ಕೊಬ್ಬು ಸುಮ್ಮನೆ ಕೂತಿರುವ ಗೋಡೌನ್ ಅಲ್ಲ

ಕೊಬ್ಬು ಅಂದ್ರೆ ಹೆಚ್ಚಾದ ಊಟ ಕೂಡಿಡುವ ಗೋಡೌನ್ ಅಂತ ಪಿಯುಸಿವರೆಗೂ ಓದಿದ್ವಿ. ಅದು ಅರ್ಧ ಸತ್ಯ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಒಂದು ವಿಪರೀತ ದಪ್ಪ ಇಲಿಯ ತಳಿ ಕಾಣಿಸಿಕೊಂಡಿತ್ತು. ತಿಂದಷ್ಟೂ ಅದಕ್ಕೆ ತೃಪ್ತಿಯಿಲ್ಲ. ಅಲ್ಲಿನ ಡಗ್ಲಸ್ ಕೋಲ್ಮನ್ ಅದರ ಮತ್ತು ಒಂದು ಸಾಮಾನ್ಯ ಇಲಿಯ ರಕ್ತ ಸಂಚಾರವನ್ನು ಜೋಡಿಸಿ ನೋಡಿದರು. ದಪ್ಪ ಇಲಿ ತಿನ್ನೋದು ಕಡಿಮೆ ಮಾಡಿ ಸಣ್ಣಗಾಯ್ತು! ಅಂದರೆ ಸಾಮಾನ್ಯ ಇಲಿಯ ರಕ್ತದಲ್ಲಿ 'ಸಾಕು' ಅಂತ ಹೇಳುವ ಏನೋ ಒಂದು ಇದೆ, ದಪ್ಪ ಇಲಿಗೆ ಅದಿಲ್ಲ. ಆ ಏನೋ ಒಂದರ ಜೀನ್ 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕಿತು. ಆ ಹಾರ್ಮೋನಿಗೆ ಲೆಪ್ಟಿನ್ ಅಂತ ಹೆಸರಿಟ್ಟರು. ಅದು ತಯಾರಾಗೋದು ಎಲ್ಲಿ ಗೊತ್ತಾ? ಕೊಬ್ಬಿನ ಜೀವಕೋಶಗಳಲ್ಲೇ.

ಹಾಗಾದ್ರೆ ಎಲ್ಲರಿಗೂ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಮುಗೀತಲ್ವಾ ಅಂತ ನಮಗೂ ಅನ್ನಿಸಿತ್ತು, ಆಗಿನ ಔಷಧ ಕಂಪನಿಗಳಿಗೂ ಅನ್ನಿಸಿತ್ತು. ಆಗಲಿಲ್ಲ. ಲೆಪ್ಟಿನ್ ಹುಟ್ಟಿನಿಂದಲೇ ಇಲ್ಲದ ಮನುಷ್ಯರು ತೀರಾ ಅಪರೂಪ, ಅವರಿಗೆ ಮಾತ್ರ ಅದು ಅಮೃತ. ಬೊಜ್ಜಿರುವ ಉಳಿದ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತೆ. ಮೆದುಳು ಕೇಳಿಸಿಕೊಳ್ಳಲ್ಲ, ಅಷ್ಟೇ. ಸೆನ್ಸರ್ ಸರಿ ಇದೆ, ಸಿಗ್ನಲ್ ಬರ್ತಿದೆ, ಕಂಟ್ರೋಲರ್ ಕಿವುಡು.

ಇನ್ನು ಕೊಬ್ಬು ಎಲ್ಲಿದೆ ಅನ್ನೋ ಪ್ರಶ್ನೆ. ಹಾಸ್ಟೆಲ್‌ನ ನೀರಿನ ಸಂಪ್ ನೆನಪಿಸಿಕೊಳ್ಳಿ. ಚರ್ಮದ ಕೆಳಗೆ, ತೊಡೆ, ಸೊಂಟದ ಹಿಂಭಾಗದಲ್ಲಿರುವ ಕೊಬ್ಬು ಸಂಪ್ ಇದ್ದ ಹಾಗೆ: ಕೂಡಿಡಲೆಂದೇ ಕಟ್ಟಿದ ಜಾಗ, ಅಲ್ಲಿದ್ದಷ್ಟು ದಿನ ಹೆಚ್ಚು ತೊಂದರೆ ಇಲ್ಲ. ಸಂಪ್ ತುಂಬಿ ಉಕ್ಕಿದರೆ ನೀರು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗುತ್ತೆ. ಕರುಳಿನ ಸುತ್ತ, ಲಿವರ್ ಒಳಗೆ, ಮೇದೋಜ್ಜೀರಕದಲ್ಲಿ, ಸ್ನಾಯುವಿನ ನಾರುಗಳ ನಡುವೆ. ಕೆಲವರಿಗೆ ದೊಡ್ಡ ಸಂಪ್ ಇರುತ್ತೆ, ಬಹಳ ದಪ್ಪಗಾದ ಮೇಲೇ ಉಕ್ಕೋದು. ನಮ್ಮಂಥವರಿಗೆ ಸಂಪ್ ಚಿಕ್ಕದು. ಹತ್ತು ಕೆ.ಜಿ. ಹೆಚ್ಚಾಗುವ ಮೊದಲೇ ಲಿವರ್‌ಗೆ ನೀರು ನುಗ್ಗಿರುತ್ತೆ. ನಮ್ಮ ಸಣಕಲ ಗೆಳೆಯನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಚಿಕ್ಕ ಮಡಕೆ. ಈಗ ಅರ್ಥ ಆಯ್ತಲ್ಲ?

ಹೊಟ್ಟೆಯೊಳಗಿನ ಈ ಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳಲ್ಲಿ ಒಂದು ಭಾಗ ನೇರವಾಗಿ ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಸೇರುತ್ತೆ. ಲಿವರ್‌ನಲ್ಲಿ ಕೊಬ್ಬು ತುಂಬಿದ ಹಾಗೆ ಅದು ಇನ್ಸುಲಿನ್ ಮಾತು ಕೇಳೋದು ಬಿಡುತ್ತೆ. ಊಟ ಆದ ಮೇಲೆ ಇನ್ಸುಲಿನ್ ಬಂದು 'ರಕ್ತದಲ್ಲಿ ಸಕ್ಕರೆ ಇದೆ, ನೀನು ಬಿಡುಗಡೆ ಮಾಡೋದು ನಿಲ್ಲಿಸು' ಅಂದರೆ ಲಿವರ್ ನಿಲ್ಲಿಸಬೇಕು. ನಿಲ್ಲಿಸಲ್ಲ. ಆಗ ಮೇದೋಜ್ಜೀರಕ ಇನ್ನೂ ಜೋರಾಗಿ ಕೂಗುತ್ತೆ, ಅಂದರೆ ಇನ್ನಷ್ಟು ಇನ್ಸುಲಿನ್. ವರ್ಷಗಟ್ಟಲೆ ಹೀಗೇ ನಡೆಯುತ್ತೆ. ಅಲ್ಲಿಯವರೆಗೂ ಶುಗರ್ ರಿಪೋರ್ಟ್ ನಾರ್ಮಲ್ ಅಂತಲೇ ಬರುತ್ತಿರುತ್ತೆ, ಒಳಗೆ ಯಂತ್ರ ಫುಲ್ ಲೋಡ್‌ನಲ್ಲಿ ಓಡ್ತಿರುತ್ತೆ. ಯಾವಾಗ ಮೇದೋಜ್ಜೀರಕಕ್ಕೆ ಕೂಗಿ ಕೂಗಿ ಗಂಟಲು ಕಟ್ಟುತ್ತೋ ಆಗ ಸಕ್ಕರೆ ಏರೋಕೆ ಶುರು. 112 ಅಂದ್ರೆ ಕತೆಯ ಮೊದಲ ಅಧ್ಯಾಯ ಅಲ್ಲ, ಮಧ್ಯಂತರ.

ಊಟ ಆದ ಮೇಲೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಗ್ರಾಹಕ ಸ್ನಾಯು. ಹುಟ್ಟಿನಿಂದಲೇ ಸ್ನಾಯು ಕಡಿಮೆ, ಮೇಲಿಂದ ದಿನಕ್ಕೆ ಹತ್ತು ಗಂಟೆ ಕುರ್ಚಿ. ಪ್ಲೇಸ್‌ಮೆಂಟ್ ಆದ ಮೇಲೂ ಅದೇ ಕುರ್ಚಿ, ಸ್ವಲ್ಪ ದುಬಾರಿಯದ್ದು.

ಟೀ ಲೆಕ್ಕ

ತೂಕ ಹೆಚ್ಚಾಗೋದು ಯಾಕೆ ಅಂದ್ರೆ ತಿಂದಿದ್ದು ಹೆಚ್ಚು, ಖರ್ಚು ಮಾಡಿದ್ದು ಕಡಿಮೆ. ಥರ್ಮೋಡೈನಮಿಕ್ಸ್‌ನ ಮೊದಲ ನಿಯಮ. ಇದು ಸುಳ್ಳಲ್ಲ, ಆದರೆ ಇದರಿಂದ ಏನೂ ತಿಳಿಯಲ್ಲ. ಬ್ಯಾಂಕ್ ಖಾತೆಯಲ್ಲಿ ದುಡ್ಡು ಯಾಕಿಲ್ಲ ಅಂದ್ರೆ ಬಂದಿದ್ದಕ್ಕಿಂತ ಹೋಗಿದ್ದು ಜಾಸ್ತಿ ಅಂದ ಹಾಗೆ. ಹೋಗಿದ್ದು ಯಾಕೆ ಅನ್ನೋದು ಪ್ರಶ್ನೆ.

ಒಂದು ಲೆಕ್ಕ ಮಾಡಿದ್ವಿ. ಕ್ಯಾಂಟೀನ್ ಟೀಯಲ್ಲಿ ಎರಡು ಚಮಚ ಸಕ್ಕರೆ, ಅಂದರೆ ಸುಮಾರು 10 ಗ್ರಾಂ, 40 ಕಿಲೋಕ್ಯಾಲೊರಿ. ದಿನಕ್ಕೆ ನಾಲ್ಕು ಟೀ ಅಂದರೆ ಸಕ್ಕರೆಯಿಂದಲೇ 160. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತೆ. 160 ಗುಣಿಸು 365, ಭಾಗಿಸು 7,700: ವರ್ಷಕ್ಕೆ ಏಳೂವರೆ ಕೆ.ಜಿ. ನಾಲ್ಕು ವರ್ಷದ ಡಿಗ್ರಿಗೆ ಮೂವತ್ತು ಕೆ.ಜಿ.! ಇದನ್ನು ಬರೆದು ಹೆದರಿಕೊಂಡು ಕೂತಿದ್ವಿ. ಆಮೇಲೆ ಗೊತ್ತಾಯ್ತು, ಇಂಟರ್ನೆಟ್ ತುಂಬಾ ಇರುವ ಈ ಲೆಕ್ಕ ತಪ್ಪು. ದೇಹ ದೊಡ್ಡದಾದ ಹಾಗೆ ಅದನ್ನು ನಡೆಸೋಕೆ, ಹೊತ್ತುಕೊಂಡು ತಿರುಗೋಕೆ ಖರ್ಚೂ ಹೆಚ್ಚಾಗುತ್ತೆ. ಹಾಗಾಗಿ ತೂಕ ಸರಳರೇಖೆಯಲ್ಲಿ ಏರಲ್ಲ. ಏರಿ ಏರಿ ಒಂದು ಕಡೆ ಸಮ ಆಗುತ್ತೆ. ಕೆಪಾಸಿಟರ್ ಚಾರ್ಜ್ ಆಗೋ ಗ್ರಾಫ್ ಬರೆದಿದ್ದೀವಲ್ಲ, ಅದೇ ಆಕಾರ. ಅಮೆರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿ, ಮೂಲತಃ ಭೌತಶಾಸ್ತ್ರ ಓದಿದವರು, 2011ರಲ್ಲಿ ಇದರ ಗಣಿತದ ಮಾದರಿ ಕೊಟ್ಟರು. ಅದರ ಪ್ರಕಾರ ದಿನಕ್ಕೆ ಸುಮಾರು 24 ಕಿಲೋಕ್ಯಾಲೊರಿ ಬದಲಾದರೆ ಕೊನೆಗೆ ಒಂದು ಕೆ.ಜಿ. ವ್ಯತ್ಯಾಸ; ಅದರಲ್ಲಿ ಅರ್ಧ ಮೊದಲ ವರ್ಷ, ಬಹುಪಾಲು ಮೂರು ವರ್ಷದೊಳಗೆ. ನಮ್ಮ ಟೀ ಲೆಕ್ಕ ಈಗ ಆರೂವರೆ ಕೆ.ಜಿ.ಗೆ ಬಂದು ನಿಲ್ಲುತ್ತೆ. ಮೂವತ್ತಲ್ಲ. ಆದರೂ ಬರೀ ಸಕ್ಕರೆಗೆ ಆರೂವರೆ ಕೆ.ಜಿ. ಕಡಿಮೆ ಏನಲ್ಲ.

ಇದೇ ಗ್ರಾಫ್ ತಿರುಗಿಸಿದರೆ ಇನ್ನೊಂದು ವಿಷಯ ಕಾಣುತ್ತೆ. ಡಯಟ್ ಮಾಡುವವರು ಮೊದಲ ಎರಡು ತಿಂಗಳು ಇಳಿದು ಆಮೇಲೆ ಯಾಕೆ ನಿಲ್ಲುತ್ತಾರೆ ಅಂತ. ನಿಲ್ಲೋದು ಮಾತ್ರ ಅಲ್ಲ, ದೇಹ ವಾಪಸ್ ಎಳೆಯುತ್ತೆ. ಬಿಎಂಐಗೆ ಹೆಸರಿಟ್ಟ ಅದೇ ಆನ್ಸೆಲ್ ಕೀಸ್ 1944-45ರಲ್ಲಿ ಮಿನ್ನೆಸೋಟದಲ್ಲಿ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಯುದ್ಧಕ್ಕೆ ಹೋಗಲೊಲ್ಲೆ ಅಂದು ಸ್ವಯಂಸೇವಕರಾಗಿ ಬಂದವರು ಅವರು. ತೂಕ ಕಾಲುಭಾಗ ಇಳಿಯಿತು. ಜೊತೆಗೆ ಚಳಿ, ಸುಸ್ತು, ಸಿಡುಕು. ಹಗಲೂ ರಾತ್ರಿ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಕೂಡಿಸೋ ಹುಚ್ಚು ಹಿಡಿದವರೂ ಇದ್ದರು. ಅವರಿಗೆ ಇಚ್ಛಾಶಕ್ತಿ ಕಡಿಮೆ ಇತ್ತು ಅಂತ ಯಾರೂ ಹೇಳಲ್ಲ. ಹಾಗೇ 2016ರಲ್ಲಿ ಕೆವಿನ್ ಹಾಲ್ ತಂಡ ಅಮೆರಿಕದ ಒಂದು ತೂಕ ಇಳಿಸುವ ಟಿವಿ ಶೋನಲ್ಲಿ ಭಾಗವಹಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿತು. ಬಹುತೇಕರ ತೂಕ ವಾಪಸ್ ಏರಿತ್ತು. ವಿಚಿತ್ರ ಏನಂದ್ರೆ, ಅವರ ದೇಹ ಅದೇ ಗಾತ್ರದ ದೇಹ ಮಾಡಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಆರು ವರ್ಷ ಕಳೆದರೂ ದೇಹ ಮರೆತಿರಲಿಲ್ಲ.

ಹಾಗಂತ ಎಲ್ಲಾ ಹಣೆಬರಹ ಅಂತಲೂ ಅಲ್ಲ. ಹಾಲ್ ಅವರದ್ದೇ 2019ರ ಪ್ರಯೋಗದಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಪ್ಯಾಕೆಟ್ಟಿನ, ಕಾರ್ಖಾನೆಯ ಊಟ, ಎರಡು ವಾರ ಸಾದಾ ಅಡುಗೆಯ ಊಟ ಕೊಟ್ಟರು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದ ವಾರಗಳಲ್ಲಿ ಜನ ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ಸುಮಾರು ಒಂದು ಕೆ.ಜಿ. ಏರಿದರು. ಅವರೇ, ಅದೇ ಇಚ್ಛಾಶಕ್ತಿ, ಊಟ ಮಾತ್ರ ಬೇರೆ.

ನಮ್ಮ ಫ್ಲೋರ್‌ನ ಡಸ್ಟ್‌ಬಿನ್ ಒಮ್ಮೆ ನೋಡಿ. ಇನ್‌ಸ್ಟಂಟ್ ನೂಡಲ್ಸ್ ಕವರ್, ಚಿಪ್ಸ್ ಕವರ್, ಕ್ರೀಮ್ ಬಿಸ್ಕತ್ ಕವರ್, ತಂಪು ಪಾನೀಯದ ಬಾಟಲ್. ಮೆಸ್‌ನಲ್ಲಿ ಪಲ್ಯ ನೀರಾಗಿದೆ ಅಂತ ಅರ್ಧ ಊಟಕ್ಕೆ ಎದ್ದು ಬರ್ತೀವಿ, ರಾತ್ರಿ ಹತ್ತಕ್ಕೆ ಗೋಬಿ ಮಂಚೂರಿ. ಇದರಲ್ಲಿ ತಪ್ಪು ನಮ್ಮದೋ ಪಲ್ಯದ್ದೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ಹಾನಿ ಎಲ್ಲೆಲ್ಲಿ

ಸಕ್ಕರೆ ಕಾಯಿಲೆ ಹೇಳಿದ್ವಿ. ಬಿಪಿ, ಹೃದಯಾಘಾತ, ಪಾರ್ಶ್ವವಾಯು ಎಲ್ಲರಿಗೂ ಗೊತ್ತಿರೋದೇ. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತೆ ಅನ್ನೋದು ನಮಗೆ ಹೊಸದು. ಮೆಕ್ಯಾನಿಕ್ಸ್ ಓದಿದವರಿಗೆ ಲಿವರ್ ಆರ್ಮ್ ನೆನಪಾಗಬಹುದು. ಕುಡಿಯದೇ ಇದ್ದವರಿಗೂ ಬರುವ ಫ್ಯಾಟಿ ಲಿವರ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 13 ಬಗೆಯ ಕ್ಯಾನ್ಸರ್‌ಗಳನ್ನು ಬೊಜ್ಜಿನ ಜೊತೆ ಜೋಡಿಸಿದೆ. ನಮ್ಮ ತಂಡದ ಹುಡುಗಿಯರು ಪಿಸಿಒಎಸ್ ಬಗ್ಗೆ ಬರೆಯಲೇಬೇಕು ಅಂದರು: ಮುಟ್ಟು ತಪ್ಪೋದು, ಮುಖದ ಮೇಲೆ ಕೂದಲು, ಮೊಡವೆ, ಇದರ ಹಿಂದೆಯೂ ಎಷ್ಟೋ ಸಲ ಅದೇ ಕಿವುಡಾದ ಇನ್ಸುಲಿನ್ ಕತೆ ಇರುತ್ತೆ. ತೂಕ ಅದನ್ನು ಹೆಚ್ಚು ಮಾಡುತ್ತೆ, ಅದು ತೂಕವನ್ನು ಹೆಚ್ಚು ಮಾಡುತ್ತೆ. 'ಮದುವೆ ಆದ ಮೇಲೆ ಸರಿಹೋಗುತ್ತೆ' ಅಂತ ಹೇಳುವವರ ಹತ್ತಿರ ಹೋಗದೆ ಡಾಕ್ಟರ್ ಹತ್ತಿರ ಹೋಗಿ ಅಂತ ಅವರೇ ಈ ಸಾಲು ಸೇರಿಸಿದ್ದಾರೆ.

ಗೊರಕೆ ಬಗ್ಗೆ ಸ್ವಲ್ಪ ನಿಲ್ಲೋಣ. ಕುತ್ತಿಗೆಯ ಸುತ್ತ, ನಾಲಗೆಯಲ್ಲಿ ಕೊಬ್ಬು ಸೇರಿದಾಗ ಮಲಗಿದ ಮೇಲೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಕೆಲವು ಸೆಕೆಂಡ್ ಉಸಿರೇ ಇಲ್ಲ. ಆಮೇಲೆ ದೊಡ್ಡ ಗೊರಕೆಯೊಂದಿಗೆ ಮತ್ತೆ ಶುರು. ರಾತ್ರಿ ಇಡೀ ಹೀಗೇ. ಬೆಳಿಗ್ಗೆ ಎದ್ದಾಗ ತಲೆನೋವು, ಮೊದಲ ಕ್ಲಾಸಿನಲ್ಲೇ ತೂಕಡಿಕೆ, ಬಿಪಿ ಏರಿಕೆ. 97 ಕೆ.ಜಿ.ಯ ನಮ್ಮ ಗೆಳೆಯನ ಗೊರಕೆಯನ್ನು ನಾವು ರೆಕಾರ್ಡ್ ಮಾಡಿ ಗ್ರೂಪ್‌ಗೆ ಹಾಕಿದ್ವಿ. ನೂರಕ್ಕೂ ಹೆಚ್ಚು ನಗುವ ಇಮೋಜಿ ಬಂದಿದ್ದವು. ಆ ರೆಕಾರ್ಡಿಂಗ್‌ನ ಮಧ್ಯೆ ಹತ್ತು ಹನ್ನೆರಡು ಸೆಕೆಂಡ್ ನಿಶ್ಶಬ್ದ ಇದೆ. ಅದು ಏನು ಅಂತ ಈ ಲೇಖನಕ್ಕೆ ಓದುವಾಗ ಗೊತ್ತಾಯ್ತು. ಅವತ್ತು ಯಾರೂ ಊಟಕ್ಕೆ ಬೇಗ ಹೋಗಲಿಲ್ಲ.

ಶಿಬಿರಕ್ಕೆ ಯಾಕೆ ಬರಲಿಲ್ಲ ಅಂತ ಆಮೇಲೆ ಕೇಳಿದ್ವಿ. 'ನೀವೆಲ್ಲ ತೂಕದ ಯಂತ್ರದ ಹತ್ರ ನಿಂತಿದ್ರಲ್ಲ' ಅಂದ. ಅಷ್ಟೇ ಅಂದಿದ್ದು. ಬೊಜ್ಜಿರುವವರನ್ನು ಹೀಯಾಳಿಸಿದರೆ ಅವರು ಛಲ ಹಿಡಿದು ಸಣ್ಣಗಾಗ್ತಾರೆ ಅನ್ನೋದು ಸಿನಿಮಾದಲ್ಲಿ. ಸಂಶೋಧನೆಗಳು ಹೇಳೋದು ಉಲ್ಟಾ: ಹೀಯಾಳಿಕೆ ಅನುಭವಿಸಿದವರು ಹೆಚ್ಚು ತಿನ್ನುತ್ತಾರೆ, ಮೈದಾನಕ್ಕೆ, ಜಿಮ್‌ಗೆ ಹೋಗಲು ಹಿಂಜರಿಯುತ್ತಾರೆ, ಡಾಕ್ಟರ್ ಹತ್ತಿರ ಹೋಗೋದನ್ನು ಮುಂದೂಡುತ್ತಾರೆ. ನಾವು ಅವನನ್ನು ಕರ್ಕೊಂಡು ಬೇರೆ ದಿನ ಕ್ಲಿನಿಕ್‌ಗೆ ಹೋದಾಗ ಬಿಪಿ 148/96. ಒಂದು ಸಲ ನೋಡಿ ಹೇಳೋಕಾಗಲ್ಲ ಅಂತ ಇನ್ನೆರಡು ದಿನ ಬರಹೇಳಿದರು. ಮೂರು ದಿನವೂ ಹೆಚ್ಚು ಕಮ್ಮಿ ಅಷ್ಟೇ. ಅವನ ಶುಗರ್ ಮಾತ್ರ 94, ಸಣಕಲನಿಗಿಂತ ಚೆನ್ನಾಗಿತ್ತು. ಅದನ್ನು ಅವನು ಈಗಲೂ ಎಲ್ಲರಿಗೂ ಹೇಳ್ತಾನೆ, ಹೇಳಲಿ.

ಇವರಿಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ದಾಟಿದ ಹೆಂಗಸರು ದೇಶದಲ್ಲಿ ಶೇ 24, ಗಂಡಸರು ಶೇ 23ರ ಹತ್ತಿರ. ಕರ್ನಾಟಕದಲ್ಲಿ ಇಬ್ಬರೂ ಶೇ 30ರ ಆಸುಪಾಸು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂದಿತು. ಹೊಟ್ಟೆ ಬೊಜ್ಜು ಇರುವ ವಯಸ್ಕರು ಶೇ 39.5. ಐದರಲ್ಲಿ ಇಬ್ಬರು. ನಮ್ಮ ಮೆಸ್‌ನ ಒಂದು ಟೇಬಲ್‌ಗೆ ಐದು ಕುರ್ಚಿ.

ಈಗ ಏನು

ಚೆನ್ನೈನಲ್ಲಿ ಡಾ. ರಾಮಚಂದ್ರನ್ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಮ್ಮ ಸಣಕಲನ ಹಾಗೆ ಬಾಗಿಲ ಹತ್ತಿರ ನಿಂತವರಿಗೆ ನಡಿಗೆ ಮತ್ತು ಊಟದ ಬದಲಾವಣೆ ಹೇಳಿಕೊಟ್ಟಾಗ ಸಕ್ಕರೆ ಕಾಯಿಲೆಗೆ ಜಾರುವ ಅಪಾಯ ಮೂರು ವರ್ಷದಲ್ಲಿ ಶೇ 28ರಷ್ಟು ಇಳಿಯಿತು. ಗಮನಿಸಬೇಕಾದ್ದು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಯಂತ್ರದ ಸಂಖ್ಯೆ ಅಲ್ಲಾಡದಿದ್ದರೂ ಒಳಗೆ ಏನೋ ಸರಿಹೋಗ್ತಿತ್ತು. ತೂಕವೂ ಹೆಚ್ಚಿರುವವರಿಗೆ ಅದರ ಶೇ 5ರಿಂದ 10 ಇಳಿದರೂ ಬಿಪಿ, ಶುಗರ್, ಲಿವರ್ ಮೂರಕ್ಕೂ ಲಾಭ. 97 ಇದ್ದವನು 65 ಆಗಬೇಕಿಲ್ಲ, 90 ಆದರೂ ಲೆಕ್ಕಕ್ಕೆ ಬರುತ್ತೆ.

ಇಂಜೆಕ್ಷನ್‌ಗಳ ಬಗ್ಗೆ ಎಲ್ಲರೂ ಕೇಳ್ತಾರೆ. ಸೆಮಾಗ್ಲುಟೈಡ್ ಥರದ ಔಷಧಗಳು ಕರುಳಿನ ಒಂದು ಹಾರ್ಮೋನನ್ನು ಅನುಕರಿಸಿ ಮೆದುಳಿಗೆ ಹೊಟ್ಟೆ ತುಂಬಿದ ಸಂದೇಶ ಕೊಡುತ್ತವೆ. ದೊಡ್ಡ ಪ್ರಯೋಗದಲ್ಲಿ 68 ವಾರದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿದೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್. (ಈ ಗುಂಪಿನ ಮೊದಲ ಔಷಧದ ಮೂಲ ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು. ನಂಬಲ್ಲ ಅಂದ್ರೆ ಹುಡುಕಿ ನೋಡಿ.) ಇವು ಡಾಕ್ಟರ್ ನೋಡಿ ಕೊಡಬೇಕಾದವು, ಮೆಡಿಕಲ್ ಶಾಪ್‌ನಲ್ಲಿ ಗೆಳೆಯ ಹೇಳಿದ ಅಂತ ಕೇಳಿ ತರುವಂಥವಲ್ಲ.

ನಮ್ಮ ರೂಮಿನಲ್ಲಿ ಆಗಿರೋದು ಇಷ್ಟು. ಟೀ ನಾಲ್ಕರಿಂದ ಎರಡಕ್ಕೆ ಬಂದಿದೆ, ಸಕ್ಕರೆ ಒಂದು ಚಮಚ. ರಾತ್ರಿ ಊಟ ಆದ ಮೇಲೆ ಮೇನ್ ಗೇಟ್‌ವರೆಗೆ ನಡೆದು ಬರ್ತೀವಿ. ಊಟದ ನಂತರ ಸ್ನಾಯು ಕೆಲಸ ಮಾಡಿದರೆ ಇನ್ಸುಲಿನ್ ಕೂಗದೇ ಇದ್ದರೂ ಅದು ಸಕ್ಕರೆ ಎಳೆದುಕೊಳ್ಳುತ್ತೆ. ಸಣಕಲನಿಗೆ ಡಾಕ್ಟರ್ ತೂಕ ಇಳಿಸು ಅನ್ನಲಿಲ್ಲ, ಸ್ನಾಯು ಬೆಳೆಸು ಅಂದರು, ಅವನು ದಂಡ ಹೊಡೀತಿದ್ದಾನೆ, ಹನ್ನೆರಡಕ್ಕೆ ಬಂದಿದೆ. ಮೆಸ್ ಕಮಿಟಿಗೆ ವಾರಕ್ಕೆ ಎರಡು ದಿನ ಮೊಳಕೆ ಕಾಳಿನ ಪಲ್ಯ ಮತ್ತು ರಾಗಿ ಮುದ್ದೆ ಕೇಳಿ ಅರ್ಜಿ ಕೊಟ್ಟಿದ್ದೀವಿ. ಮುದ್ದೆ ಕಟ್ಟೋಕೆ ಜನ ಇಲ್ಲ ಅಂತ ಉತ್ತರ ಬಂದಿದೆ. ಮಂಡ್ಯದ ಹುಡುಗರು ನಾವೇ ಕಟ್ಟಿ ತೋರಿಸ್ತೀವಿ ಅಂದಿದ್ದಾರೆ. ಗೊರಕೆಯ ವಿಡಿಯೋ ಡಿಲೀಟ್ ಆಗಿದೆ. ಅವನನ್ನು ಅವನ ಹೆಸರಿನಿಂದ ಕರೀತಿದ್ದೀವಿ, ಬಾಯಿಗೆ ಇನ್ನೂ ಅಭ್ಯಾಸ ಆಗಿಲ್ಲ, ಮಧ್ಯೆ ಮಧ್ಯೆ ತಡವರಿಸ್ತೀವಿ.

ಮೂರು ತಿಂಗಳ ನಂತರದ ಪರೀಕ್ಷೆ ಮುಂದಿನ ತಿಂಗಳ ಎರಡನೇ ವಾರ ಇದೆ. ಇಬ್ಬರೂ ಒಟ್ಟಿಗೆ ಹೋಗ್ತಾರೆ. ಅಷ್ಟರಲ್ಲಿ ಸೊಂಟ ಅಳೆದು ನೋಡಬೇಕು ಅನ್ನುವವರಿಗೆ ಟೇಲರ್ ಟೇಪ್ ನಮ್ಮ ರೂಮಿನಲ್ಲಿದೆ. ಪ್ಯಾಂಟ್ ಸೈಜ್ ಹೇಳಿದರೆ ಆಗಲ್ಲ, ಪ್ಯಾಂಟ್ ಹೊಟ್ಟೆಯ ಕೆಳಗೆ ನಿಲ್ಲುತ್ತೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಎರಡರ ಮಧ್ಯಭಾಗದಲ್ಲಿ ಟೇಪ್ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆ ಎಳ್ಕೋಬಾರದು. ಬರುವ ಸಂಖ್ಯೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಅಳೆಯುವಾಗ ಬಾಗಿಲು ಹಾಕ್ತೀವಿ, ಸಂಖ್ಯೆ ನಿಮ್ಮ ಹತ್ತಿರಾನೇ ಇರುತ್ತೆ.